ಬತ್ತಬೇಕಾದ ಕೆರೆ, ತುಂಬಬೇಕಾದ ಕೆರೆ

ಕರ್ಮಕ್ಷಯದ ಮಾರ್ಗವನ್ನು ವಿವರಿಸುವಾಗ ಜೈನಾಚಾರ್ಯರು ಕೆರೆಯ ದೃಷ್ಟಾಂತವನ್ನು ಕೊಡುತ್ತಾರೆ. ಆತ್ಮವೆಂಬ ಕೆರೆಗೆ ಕರ್ಮವೆಂಬ ನೀರು ಹರಿದುಬರುವುದು ಆಸ್ರವ. ಆ ನೀರು ಬರುವ ಕಾಲುವೆಗಳನ್ನು ಮುಚ್ಚುವುದು ಸಂವರ. ಒಳಗೆ ನಿಂತ ನೀರನ್ನು ಎತ್ತಿ ಹೊರಹಾಕಿ, ತಪಸ್ಸೆಂಬ ಬಿಸಿಲಿನಿಂದ ಒಣಗಿಸುವುದು ನಿರ್ಜರೆ. ಒಳಹರಿವು ನಿಂತು, ಇದ್ದ ನೀರೂ ಬರಿದಾದಾಗ ಜೀವಕ್ಕೆ ಮೋಕ್ಷ.

ಇಂದಿನ ಮನುಷ್ಯ ಈ ದೃಷ್ಟಾಂತವನ್ನು ತಪ್ಪಾದ ಕೆರೆಗೆ ಅನ್ವಯಿಸಿದ್ದಾನೆ. ಮನಸ್ಸಿನ ಆಸ್ರವದ್ವಾರಗಳನ್ನೆಲ್ಲ ತೆರೆದಿಟ್ಟು, ಊರಿನ ಕೆರೆಗೆ ನೀರು ತರುವ ಕಾಲುವೆಗಳನ್ನು ಮುಚ್ಚಿದ್ದಾನೆ. ಕಷಾಯಗಳನ್ನು ಬತ್ತಿಸಬೇಕಾದವನು ಭೂಮಿಯ ಒಡಲನ್ನು ಬತ್ತಿಸುತ್ತಿದ್ದಾನೆ. ಅಂತರ್ಜಲದ ಕುಸಿತಕ್ಕೆ ಮಳೆಯ ಕೊರತೆಯನ್ನಷ್ಟೇ ಹೊಣೆಮಾಡಿದರೆ ಈ ವಿಪರ್ಯಾಸ ಮರೆಯಾಗುತ್ತದೆ.

ಭೂಮಿಯೊಳಗಿನ ನೀರಿನ ಲೆಕ್ಕ ಸರಳವಾದುದು. ಇಂಗಿದ್ದು ಹೆಚ್ಚಾದರೆ ಮಟ್ಟ ಏರುತ್ತದೆ. ಎತ್ತಿದ್ದು ಹೆಚ್ಚಾದರೆ ಇಳಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ನೆಲದಡಿ ಇರುವುದು ಗಟ್ಟಿ ಶಿಲೆ. ಅಲ್ಲಿ ಮಳೆನೀರು ಮೇಲಿನ ಶಿಥಿಲ ಪದರದಲ್ಲಿ ನಿಂತು, ಬಳಿಕ ಬಂಡೆಯ ಬಿರುಕುಗಳಿಗೆ ಮೆಲ್ಲನೆ ಇಳಿಯುತ್ತದೆ. ಹಿಂದಿನವರ ತೆರೆದ ಬಾವಿಗಳು ಮೇಲಿನ ಪದರದ ನೀರನ್ನು, ಅಂದರೆ ಮಳೆಯ ವರಮಾನವನ್ನು ಬಳಸುತ್ತಿದ್ದವು. ಸಾವಿರ ಅಡಿ ದಾಟಿದ ಕೊಳವೆಬಾವಿ ದೀರ್ಘಕಾಲದಿಂದ ಕೂಡಿದ್ದ ಮೂಲಧನಕ್ಕೇ ಕೈಹಾಕುತ್ತದೆ. ಕೆರೆಯಲ್ಲಿ ಹೂಳು ತುಂಬಿದೆ, ಅಂಗಳಕ್ಕೆ ಕಾಂಕ್ರೀಟು ಬಿದ್ದಿದೆ. ಆದಾಯದ ದಾರಿ ಮುಚ್ಚಿ ವೆಚ್ಚ ಮಾತ್ರ ಮುಂದುವರಿದಿದೆ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಸುತ್ತಲಿನ ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಾಣಿಸಿತು. ಆ ನೀರಿನ ಶುದ್ಧಿಯ ಬಗ್ಗೆ ಪ್ರಶ್ನೆಗಳಿವೆ. ಆದರೆ ಕೆರೆ ತುಂಬಿದರೆ ಬಾವಿಗೆ ಜೀವ ಬರುತ್ತದೆಂಬುದು ಸ್ಪಷ್ಟವಾಯಿತು.

ಜೈನ ದೃಷ್ಟಿಯಲ್ಲಿ ನೀರು ಜಡವಸ್ತುವಲ್ಲ. ಜಲಕಾಯಿಕವು ಏಕೇಂದ್ರಿಯ ಸ್ಥಾವರ ಜೀವ. ನೀರನ್ನು ಆಶ್ರಯಿಸಿ ಬದುಕುವ ತ್ರಸ ಜೀವಗಳೂ ಅಪಾರ. ಆದುದರಿಂದಲೇ ಶ್ರಾವಕರು ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ವಿಧಿ ಅಲ್ಲಿಗೇ ಮುಗಿಯದು. ಬಟ್ಟೆಯಲ್ಲುಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಎಲ್ಲಿಂದ ನೀರು ತಂದರೋ ಅಲ್ಲಿಗೇ ನೋವಾಗದಂತೆ ಮರಳಿಸಬೇಕು. ಮೂಲಕ್ಕೆ ಹಿಂದಿರುಗಿಸುವ ಈ ಶಿಸ್ತು ತೆರೆದ ಬಾವಿಯಲ್ಲಿ ಸಾಧ್ಯ, ಕೊಳವೆಬಾವಿಯಲ್ಲಿ ಸಾಧ್ಯವಿಲ್ಲ. ದಿಗಂಬರ ಮುನಿಗಳ ಆಹಾರಕ್ಕೆ ಇಂದಿಗೂ ಬಾವಿಯ ನೀರನ್ನೇ ಅರಸುವುದು ಇದಕ್ಕಾಗಿ. ಊರಿನ ಬಾವಿ ಬತ್ತಿದಾಗ ನೀರಿನೊಂದಿಗೆ ಒಂದು ಆಚಾರವೂ ಬತ್ತುತ್ತದೆ.

ಅಹಿಂಸೆಯ ಜೊತೆಗೆ ಅಚೌರ್ಯದ ಪ್ರಶ್ನೆಯೂ ಇದೆ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯ. ಪರರ ಬಾವಿಯ ನೀರು ಮುಂತಾದುವನ್ನು ಬಿಡಲಾಗದ ಗೃಹಸ್ಥರು ಉಳಿದೆಲ್ಲ ಅದತ್ತವನ್ನಾದರೂ ಬಿಡಬೇಕೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೇಳುತ್ತಾರೆ. ಸೇದಿದ ಒಂದು ಕೊಡ ನೀರಿಗೆ ಸಲ್ಲುವ ಈ ವಿನಾಯಿತಿಯು, ನೆರೆಯವನ ಬಾವಿಯನ್ನು ನೆಲದಡಿಯಿಂದಲೇ ಬರಿದುಮಾಡುವ ಪಂಪಿಗೆ ಸಲ್ಲದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವಂತೂ ವ್ಯರ್ಥವಾಗಿ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಒಟ್ಟಿಗೇ ಪ್ರಮಾದಚರ್ಯೆಯೆಂದು ಹೆಸರಿಸುತ್ತದೆ.

ಇದರಿಂದ ರೈತನನ್ನು ಅಪರಾಧಿಯೆನ್ನಲಾಗದು. ಕೃಷಿಯಲ್ಲಿ ಒದಗುವ ಹಿಂಸೆಯನ್ನು ಜೈನ ಪರಂಪರೆ ಗೃಹಸ್ಥನ ಉದ್ಯೋಗಿ ಹಿಂಸೆಯೆಂದು ಗುರುತಿಸಿ, ಸಂಕಲ್ಪ ಹಿಂಸೆಯಿಂದ ಬೇರ್ಪಡಿಸಿದೆ. ಸಾಲಮಾಡಿ ಕೊರೆಸಿದ ಬಾವಿಯಿಂದ ಬರಿಯ ಧೂಳು ಎದ್ದಾಗ ಆತನಿಗಾಗುವ ಸಂಕಟ ಸಣ್ಣದಲ್ಲ. ಆದರೆ ಅಗತ್ಯ ಮುಗಿದು ಲೋಭ ಮೊದಲಾಗುವ ಗೆರೆಯನ್ನು ಹೊಲದವನೂ ನಗರದ ಮನೆಯವನೂ ತಾವೇ ಎಳೆದುಕೊಳ್ಳಬೇಕು. ಪರಿಗ್ರಹ ಪರಿಮಾಣ ವ್ರತದ ತಿರುಳು ಇದೇ. ಅಂತರ್ಜಲದ ನಿಯಂತ್ರಣಕ್ಕೆ ಕರ್ನಾಟಕದಲ್ಲಿ 2011ರ ಕಾಯಿದೆಯಿದೆ. ಕಾಯಿದೆ ಹೊರಗಿನಿಂದ ತಡೆಯುತ್ತದೆ, ವ್ರತ ಒಳಗಿನಿಂದ. ಕಣ್ಣಿಗೆ ಕಾಣದ ನೀರನ್ನು ಉಳಿಸಲು ಒಳಗಿನ ತಡೆಯೇ ಹೆಚ್ಚು ಬಲವಾದುದು.

ಶ್ರವಣಬೆಳಗೊಳಕ್ಕೆ ಹೆಸರು ಬಂದುದೇ ಬಿಳಿಯ ಕೊಳದಿಂದ. ವಿಂಧ್ಯಗಿರಿ, ಚಂದ್ರಗಿರಿಗಳ ನಡುವೆ ಆ ಕಲ್ಯಾಣಿ ಇಂದಿಗೂ ಇದೆ. ಬೆಟ್ಟದ ಮೇಲೆ ಎಲ್ಲವನ್ನೂ ತ್ಯಜಿಸಿ ನಿಂತ ಬಾಹುಬಲಿ, ಕೆಳಗೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಕೊಳ: ಬಿಡಬೇಕಾದುದು ಯಾವುದು, ಉಳಿಸಬೇಕಾದುದು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಆ ನಾಲ್ಕು ತಿಂಗಳು ಮಳೆನೀರಿಗೂ ನಿಲ್ಲಲು ನೆಲೆ ಸಿಗಬೇಕು. ಬಸದಿಯ ಮಾಡಿನ ನೀರನ್ನು ಇಂಗುಗುಂಡಿಗೆ ತಿರುಗಿಸುವುದು, ಹಳೆಯ ಬಾವಿಯ ಕಸ ತೆಗೆಸುವುದು, ಊರಕೆರೆಯ ಕಾಲುವೆ ಬಿಡಿಸಲು ದಾನ ನೀಡುವುದು ಶ್ರಾವಕನಿಗೆ ಒಪ್ಪುವ ನಿಯಮಗಳು. ಒಳಗಿನ ಕೆರೆ ಬತ್ತಲಿ. ಊರಿನ ಕೆರೆ ತುಂಬಲಿ.