ಧೂಳು ತಡೆಯದ ಫಿಲ್ಟರಿಗೆ ಹಸಿರಿನ ಹೆಸರೇಕೆ?

ಬೇಸಿಗೆಯಲ್ಲಿ ಮಲೆನಾಡಿನ ಮಣ್ಣುರಸ್ತೆಯ ಮೇಲೆ ಒಂದು ಜೀಪು ಹಾದುಹೋದರೆ ಸಾಕು, ಕೆಂಧೂಳು ಎದ್ದು ಬೇಲಿಯ ಗಿಡಗಳನ್ನೆಲ್ಲ ಮುಚ್ಚುತ್ತದೆ. ಹಿಂದೆ ಬರುವ ವಾಹನದ ಎಂಜಿನ್ನು ಸೇವಿಸಬೇಕಾದುದು ಇದೇ ಗಾಳಿಯನ್ನು. ಒಂದು ಲೀಟರ್ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅದನ್ನು ಸೋಸುವ ಕೆಲಸವನ್ನು ಹಳೆಯ ಜೀಪುಗಳಲ್ಲಿ ಎಣ್ಣೆಯ ಬಟ್ಟಲು ಮಾಡುತ್ತಿತ್ತು. ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ನೆರಿಗೆ ಹಿಡಿದ ಕಾಗದದ ಫಿಲ್ಟರ್ ಮಾಡುತ್ತದೆ.

ಈ ಕಾಗದವನ್ನು ತೆಗೆದು ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರನ್ನೋ, ಪೆಟ್ಟಿಗೆಯನ್ನೇ ಕಳಚಿ ಶಂಕುವಿನಾಕಾರದ ತೆರೆದ ಫಿಲ್ಟರನ್ನೋ ಅಳವಡಿಸಿಕೊಳ್ಳಿರೆಂಬ ಪ್ರಚಾರಕ್ಕೆ ನಮ್ಮ ಯುವಕರು ಮರುಳಾಗುತ್ತಿದ್ದಾರೆ. ಇಂಧನ ಉಳಿಯುತ್ತದೆ, ತೊಳೆದು ಮತ್ತೆ ಬಳಸಬಹುದು, ಆದ್ದರಿಂದ ಪರಿಸರಕ್ಕೆ ಹಿತ ಎಂಬುದು ಮಾರುವವರ ವಾದ. ಈ ವಾದವನ್ನು ಒರೆಗೆ ಹಚ್ಚಿ ನೋಡೋಣ.

ಇಂಧನ ಉಳಿಯುವುದೇ? ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫ್ಯೂಯೆಲ್ ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರನ್ನು ಬದಲಿಸಿದರೂ ಮೈಲೇಜು ಗಮನಾರ್ಹವಾಗಿ ಹೆಚ್ಚಲಿಲ್ಲ. ವೇಗ ಏರುವ ಚುರುಕು ಮಾತ್ರ ಹೆಚ್ಚಿತು. ಒಳಬರುವ ಗಾಳಿಗೆ ತಕ್ಕಂತೆ ಎಂಜಿನ್ನಿನ ಕಂಪ್ಯೂಟರೇ ಇಂಧನವನ್ನು ಹೊಂದಿಸುವುದು ಇದಕ್ಕೆ ಕಾರಣ. ಕಟ್ಟಿಕೊಂಡ ಫಿಲ್ಟರೇ ಇಂಧನ ನುಂಗದಿರುವಾಗ, ಶುಚಿಯಾದ ಕಾಗದವನ್ನು ಕಿತ್ತು ಬಟ್ಟೆ ಹಾಕಿದರೆ ಉಳಿಯುವುದಾದರೂ ಏನು?

ತೊಳೆಯುವ ಮಾತಿಗೆ ಬರೋಣ. ತೊಳೆದ ಎಣ್ಣೆ, ಸೋಪು, ಕೊಳೆ ಎಲ್ಲಿಗೆ ಹೋಗುತ್ತವೆ? ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ಕಾಗದದ ಫಿಲ್ಟರೂ ಕಸವಾಗುತ್ತದೆಂಬುದು ನಿಜ. ಆದರೆ ಸವೆದ ಎಂಜಿನ್ನು ಅದಕ್ಕಿಂತ ದೊಡ್ಡ ಕಸ. ಧೂಳಿನಲ್ಲಿರುವ ಮರಳಿನ ಸೂಕ್ಷ್ಮ ಕಣಗಳು ಒಳನುಸುಳಿದರೆ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಉಜ್ಜುತ್ತವೆ. ಆಯಿಲ್ ಉರಿದು ನೀಲಿಹೊಗೆ ಏಳುತ್ತದೆ. ಹಸಿರಿನ ಹೆಸರಿನಲ್ಲಿ ಕೊಂಡದ್ದು ಕೊನೆಗೆ ಹೊಗೆಯನ್ನೇ ಕೊಡುತ್ತದೆ. ತೆರೆದ ಫಿಲ್ಟರಂತೂ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೆಳೆದು, ಪೆಟ್ಟಿಗೆ ಅಡಗಿಸುತ್ತಿದ್ದ ಸದ್ದನ್ನು ಘಟ್ಟಕ್ಕೆಲ್ಲ ಕೇಳಿಸುತ್ತದೆ.

ಪಂದ್ಯದ ಕಾರಿಗೆ ಹೆಚ್ಚು ಗಾಳಿ ಬೇಕಾದೀತು. ಅದರ ಎಂಜಿನ್ನನ್ನು ಪದೇ ಪದೇ ಬಿಚ್ಚಿ ಸರಿಪಡಿಸುತ್ತಾರೆ. ಅಡಿಕೆ ಸಾಗಿಸುವ, ರೋಗಿಗಳನ್ನು ಪೇಟೆಗೆ ಒಯ್ಯುವ ನಮ್ಮ ವಾಹನಕ್ಕೆ ಬೇಕಾದುದು ಬಾಳಿಕೆ.

ಹೊರಗಿನ ಫಿಲ್ಟರ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಗಾಳಿ ಬಿಡುತ್ತದೆ ಎಂಬುದಲ್ಲ, ಎಷ್ಟು ಧೂಳು ತಡೆಯುತ್ತದೆ ಎಂಬುದು. ಐಎಸ್ಒ 5011 ಪರೀಕ್ಷೆಯ ಫಲಿತಾಂಶವನ್ನು ಕೇಳಿರಿ, ಕೊಡದವರಿಂದ ಕೊಳ್ಳಬೇಡಿರಿ. ಅಂಚಿನ ರಬ್ಬರು ಪೆಟ್ಟಿಗೆಗೆ ಬಿಗಿಯಾಗಿ ಕೂರಲಿ. ಎಂಜಿನ್ನು ನಿಲ್ಲಿಸಿ, ಫಿಲ್ಟರಿನಾಚೆಯ ಕೊಳವೆಯ ಒಳಗನ್ನು ಬಿಳಿಬಟ್ಟೆಯಿಂದ ಒರೆಸಿರಿ: ಬಟ್ಟೆ ಕೆಂಪಾದರೆ ಧೂಳು ಒಳಹೋಗಿದೆಯೆಂದೇ ಅರ್ಥ.

ಕೊನೆಯದಾಗಿ, ಮಣ್ಣುರಸ್ತೆಯಲ್ಲಿ ವೇಗ ತಗ್ಗಿಸಿರಿ. ಶಾಲೆಗೆ ನಡೆದುಹೋಗುವ ಮಕ್ಕಳ ಮೂಗಿಗೆ ಯಾವ ಫಿಲ್ಟರೂ ಇಲ್ಲ.