ಬೆಂಕಿ ಕಾಯುವವರನ್ನೂ ಕಾಯಬೇಕು

ಫೆಬ್ರುವರಿ ಬಂತೆಂದರೆ ಗುಂಡ್ಲುಪೇಟೆ ಕಡೆಯ ನಮ್ಮ ಹೊಲದಿಂದ ಬಂಡೀಪುರದ ಗುಡ್ಡಗಳತ್ತ ಕಣ್ಣು ಹೋಗುತ್ತಲೇ ಇರುತ್ತದೆ, ಎಲ್ಲಾದರೂ ಹೊಗೆ ಕಂಡೀತೇ ಎಂದು. 2019ರ ಫೆಬ್ರುವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟಿತು. ಆನೆ ಓಡಬಲ್ಲದು, ಆಮೆ, ಹಾವು, ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿ ಎಲ್ಲಿಗೆ ಹೋಗಬೇಕು?

ಈ ಕಾಡಿನಲ್ಲಿ ಲಂಟಾನ ಕಳೆ ಆಳೆತ್ತರ ಬೆಳೆದು ಮರದ ಕೊಂಬೆಗಳಿಗೆ ಏಣಿ ಹಾಕಿದೆ. ಬೇಸಿಗೆಯಲ್ಲಿ ಅದರ ಕಡ್ಡಿ ಮುಟ್ಟಿದರೆ ಲಟಕ್ಕನೆ ಮುರಿಯುತ್ತದೆ. ನೆಲದಲ್ಲೇ ಹರಿದು ಆರಬೇಕಾದ ಬೆಂಕಿ ಅದನ್ನು ಹಿಡಿದು ಮೇಲೇರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಗೆ ಮುನ್ನವೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು, ‘ತರಗು ಬೆಂಕಿ’. ಅದು ನಿಂತ ಮೇಲೆ ಲಂಟಾನ ಹಬ್ಬಿತು ಎನ್ನುತ್ತಾರೆ ಅವರು. ಯೋಜನೆ ಮಾಡುವವರು ಆ ಮಾತನ್ನು ಕೂತು ಕೇಳಬೇಕು.

2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಇಂದಿಗೂ ಹಸಿ ಸೊಪ್ಪಿನ ಕೊಂಬೆ ಹಿಡಿದೇ ಬೆಂಕಿ ಬಡಿಯುವವರನ್ನು ನೋಡುತ್ತೇನೆ. ಕಾಡಂಚಿನ ಹಾಡಿಗಳ ಹುಡುಗರು, ದಿನಗೂಲಿಯವರು. ಅವರಿಗೆ ಗಟ್ಟಿ ಬೂಟು, ವಿಮೆ, ತಿಂಗಳಿಗೆ ಸರಿಯಾಗಿ ಕೂಲಿ ಸಿಗಲಿ. ರೈತ ಬಂಧುಗಳೇ, ಬದುವಿನ ಕಸ ಸುಡಲು ಮಳೆ ಬೀಳುವವರೆಗೆ ದಯವಿಟ್ಟು ಕಡ್ಡಿ ಗೀರಬೇಡಿ.