ಭಯದಿಂದ ಕಟ್ಟಿದ ಒಗ್ಗಟ್ಟು

ಫ್ರೆಂಚ್ ಆಡಳಿತದ ವಿರುದ್ಧ ಅಲ್ಜೀರಿಯನ್ನರು ನಡೆಸಿದ ಸಮರವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. 1954ರ ನವೆಂಬರ್ 1ರಂದು ಆರಂಭವಾದ ಆ ಹೋರಾಟ 1962ರಲ್ಲಿ ಸ್ವಾತಂತ್ರ್ಯ ತಂದಿತು. ಆದರೆ ಅದನ್ನು ಮುನ್ನಡೆಸಿದ ರಾಷ್ಟ್ರೀಯ ವಿಮೋಚನಾ ರಂಗವು ಏಳೂವರೆ ವರ್ಷ ಒಡೆಯದೆ ಉಳಿದದ್ದು ಹೇಗೆ ಎಂದು ನಾವು ವಿಚಾರಿಸುವುದು ಕಡಿಮೆ.

ಆರಂಭದ ಮಾರ್ಗ ಸರಿಯಾಗಿಯೇ ಇತ್ತು. 1956ರ ಆಗಸ್ಟ್‌ನಲ್ಲಿ ನಾಯಕರು ಸೂಮಾಮ್ ಕಣಿವೆಯಲ್ಲಿ ಗುಟ್ಟಾಗಿ ಸೇರಿ, ನಾಡನ್ನು ಆರು ವಿಲಾಯಗಳಾಗಿ ವಿಂಗಡಿಸಿದರು. ನಾಯಕತ್ವವು ಸಾಮೂಹಿಕವಾಗಿರಬೇಕು, ಬಂದೂಕು ರಾಜಕೀಯ ನಿರ್ಧಾರಕ್ಕೆ ಅಧೀನವಾಗಿರಬೇಕು ಎಂದು ತೀರ್ಮಾನಿಸಿದರು. ಸಮಾಲೋಚನೆಯನ್ನು ಸತ್ಯವಿಶ್ವಾಸಿಗಳ ಗುಣವೆಂದು ಕಲಿತಿರುವ ನಮಗೆ ಇದು ಅಪರಿಚಿತವಲ್ಲ.

ಈ ತೀರ್ಮಾನ ಬಾಳಿದ್ದು ಒಂದೇ ವರ್ಷ. ಸಭೆಯ ಪ್ರಮುಖ ರೂವಾರಿ ಅಬಾನ್ ರಮ್‌ದಾನ್‌ರನ್ನು 1957ರ ಡಿಸೆಂಬರ್‌ನಲ್ಲಿ ಮೊರಾಕ್ಕೊಗೆ ಕರೆಸಿಕೊಂಡು ಸಂಗಡಿಗರೇ ಕೊಂದರು. ಅವರು ರಣರಂಗದಲ್ಲಿ ಮಡಿದರೆಂದು ರಂಗದ ಪತ್ರಿಕೆ ಐದು ತಿಂಗಳ ಬಳಿಕ ಪ್ರಕಟಿಸಿತು. ಕೊಲೆಯನ್ನು ಮುಚ್ಚಲು ಹುತಾತ್ಮತೆಯ ಗೌರವವನ್ನೇ ಹೊದಿಕೆಯಾಗಿ ಬಳಸಲಾಯಿತು!

ಕಬೀಲಿಯದಲ್ಲಿ, ಅಂದರೆ ಮೂರನೆಯ ವಿಲಾಯದಲ್ಲಿ, ಇನ್ನೂ ಘೋರವಾದುದು ನಡೆಯಿತು. ಹೋರಾಟಗಾರರ ನಡುವೆ ದ್ರೋಹಿಗಳಿದ್ದಾರೆಂದು ನಂಬಿಸಲು ಫ್ರೆಂಚ್ ಗುಪ್ತಚರರು ಸುಳ್ಳು ಪತ್ರಗಳನ್ನೂ ಹೆಸರುಗಳನ್ನೂ ಹರಿಯಬಿಟ್ಟರು. ದಂಡನಾಯಕ ಅಮಿರೂಶ್ ನಂಬಿದರು. ಹಿಂಸೆ ತಾಳಲಾರದೆ ಒಬ್ಬನು ಉಸುರಿದ ಹೆಸರು ಮತ್ತೊಬ್ಬನ ಬಂಧನಕ್ಕೆ ಕಾರಣವಾಯಿತು. ಶಾಲೆ ಕಾಲೇಜು ತೊರೆದು ಬೆಟ್ಟ ಹತ್ತಿದ್ದ ಯುವಕರು ಸೇರಿದಂತೆ ನೂರಾರು ಮಂದಿ ಸ್ವಂತದವರ ಕೈಯಿಂದಲೇ ಸತ್ತರು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ ಆದೇಶಕ್ಕೆ ಯುದ್ಧಕಾಲದಲ್ಲಿ ವಿನಾಯಿತಿಯಿಲ್ಲ. ಅದರ ಅಗತ್ಯ ಹೆಚ್ಚುವುದೇ ಆಗ.

ಯುದ್ಧದಲ್ಲಿ ಕಠೋರ ಶಿಸ್ತು ಅನಿವಾರ್ಯ ಎನ್ನುವವರಿದ್ದಾರೆ. ಶಿಸ್ತನ್ನು ನಾವೂ ಅಲ್ಲಗಳೆಯುವುದಿಲ್ಲ. ಅಲ್ಜಿಯರ್ಸ್ ನಗರದ ಗುಪ್ತ ಜಾಲದಲ್ಲಿ ಒಬ್ಬ ಸದಸ್ಯನಿಗೆ ಕೆಲವರ ಪರಿಚಯ ಮಾತ್ರವಿರುತ್ತಿತ್ತು. ಸೆರೆಸಿಕ್ಕವನು ಬಾಯಿಬಿಟ್ಟರೂ ಉಳಿದವರು ಪಾರಾಗಲೆಂಬುದು ಇದರ ಉದ್ದೇಶ. ಆದರೆ ಆ ಗುಟ್ಟು ಶತ್ರುವಿನಿಂದ ರಕ್ಷಣೆಗಾಗಿ. ಸಂಗಡಿಗರ ಪ್ರಶ್ನೆಗಳಿಂದ ನಾಯಕರನ್ನು ರಕ್ಷಿಸಲು ಬಳಸಿದ ಗುಟ್ಟು ಬೇರೆಯೇ ಜಾತಿಯದು.

ಅದುಮಿಟ್ಟ ಭಿನ್ನಮತ 1962ರ ಬೇಸಿಗೆಯಲ್ಲಿ ಸ್ಫೋಟಿಸಿತು. ಗಡಿಯಾಚೆಯ ಸೇನೆಯೂ ಒಳನಾಡಿನ ಹೋರಾಟಗಾರರೂ ಪರಸ್ಪರ ಗುಂಡು ಹಾರಿಸಿದಾಗ, "ಏಳು ವರ್ಷ ಸಾಕು" ಎಂದು ಕೂಗುತ್ತಾ ಜನರೇ ಬೀದಿಗಿಳಿದರು. ಬೂಮದೀನ್‌ರ ಸೇನೆಯ ಬಲದಿಂದ ಬಿನ್ ಬೆಲ್ಲಾ ಅಧಿಕಾರಕ್ಕೇರಿದರು. 1965ರಲ್ಲಿ ಅದೇ ಬೂಮದೀನ್ ಅವರನ್ನು ಪದಚ್ಯುತಗೊಳಿಸಿ, ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಬಂಧನದಲ್ಲಿಟ್ಟರು.